ಕಣ್ಣೆದುರು ಇದ್ದ ಪಹಣಿ ಕರೆಂಟ್ ಹೋದಾಗ ಎಲ್ಲಿ ಹೋಯ್ತು?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಹತ್ತಿರದ ಹಳ್ಳಿ. ಅಡಿಕೆ ಬೆಳೆ ವಿಮೆಗೆ ಅಂತ ದುಡ್ಡು ಕಟ್ಟಿ ಪಹಣಿಯ ಪಿಡಿಎಫ್ ತೆಗೆದೆ. ಕ್ರೋಮ್‌ನಲ್ಲಿ ಚೆನ್ನಾಗಿಯೇ ತೆರೆಯಿತು. ಅಷ್ಟರಲ್ಲಿ ಮಳೆ ಜೋರಾಗಿ ಕರೆಂಟ್ ಹೋಯ್ತು. ಆಮೇಲೆ ಹುಡುಕಿದರೆ ಕಂಪ್ಯೂಟರ್‌ನಲ್ಲಿ ಎಲ್ಲೂ ಇಲ್ಲ. ಮತ್ತೆ ದುಡ್ಡು ಕಟ್ಟಬೇಕಾಯ್ತು. ಇನ್ನೊಂದು ವಿಷಯ: ಆಧಾರ್ ಪಿಡಿಎಫ್‌ನಲ್ಲಿ ಸಹಿಯ ಮೇಲೆ ಹಳದಿ ಪ್ರಶ್ನೆ ಚಿಹ್ನೆ ಕಾಣುತ್ತಿದೆ. ಅದು ನಡೆಯುತ್ತಾ?

ಉತ್ತರ: ಎರಡು ಸಲ ದುಡ್ಡು ಕಟ್ಟಿದ್ದು ಓದಿ ಬೇಜಾರಾಯ್ತು. ಕಳೆದ ಮಳೆಗಾಲದಲ್ಲಿ ನನ್ನ ಚಿಕ್ಕಪ್ಪನಿಗೂ ಹೀಗೇ ಆಗಿತ್ತು. ಕ್ರೋಮ್, ಎಡ್ಜ್, ಫೈರ್‌ಫಾಕ್ಸ್ ಎಲ್ಲದರ ಒಳಗೂ ಪಿಡಿಎಫ್ ತೋರಿಸುವ ವ್ಯವಸ್ಥೆ ಇದೆ. ಫೈರ್‌ಫಾಕ್ಸ್‌ಗೆ ಅದು ಬಂದಿದ್ದು 2013ರಲ್ಲಿ. ಆದರೆ ಟ್ಯಾಬ್‌ನಲ್ಲಿ ಕಂಡರೆ ಫೈಲ್ ನಿಮ್ಮ ಕೈ ಸೇರಿತು ಅಂತಲ್ಲ. ಸೇವ್ ಮಾಡುವ ತನಕ ಅದು ಬರೀ ನೋಡಲಿಕ್ಕೆ. ಲಾಗಿನ್ ಆಗಿ ತೆಗೆಯುವ ಎಷ್ಟೋ ಕಾಗದಗಳ ಲಿಂಕ್ ಸ್ವಲ್ಪ ಹೊತ್ತಷ್ಟೇ ಬಾಳುತ್ತದೆ. ಹಾಗಾಗಿ ಅದೇ ಟ್ಯಾಬನ್ನು ಮತ್ತೆ ತೆರೆದರೂ ಸಿಗುವುದಿಲ್ಲ.

ಮಲೆನಾಡಿನ ಮಳೆಗಾಲದಲ್ಲಿ ಇದಕ್ಕೆ ಕಾಯಂ ಪರಿಹಾರ ಬೇಕು, ಅಲ್ವಾ? ಕ್ರೋಮ್ ಸೆಟ್ಟಿಂಗ್ಸ್ ತೆರೆದು ಮೇಲಿನ ಹುಡುಕುವ ಜಾಗದಲ್ಲಿ ‘ಪಿಡಿಎಫ್’ ಅಂತ ಇಂಗ್ಲಿಷಿನಲ್ಲಿ ಟೈಪ್ ಮಾಡಿ. ಸೈಟ್ ಸೆಟ್ಟಿಂಗ್ಸ್ ಒಳಗೆ ಪಿಡಿಎಫ್ ಡಾಕ್ಯುಮೆಂಟ್ಸ್ ಅಂತ ಸಿಗುತ್ತದೆ. ಅಲ್ಲಿ ‘ಡೌನ್‌ಲೋಡ್ ಪಿಡಿಎಫ್ಸ್’ ಆರಿಸಿ. ಇನ್ನು ಮುಂದೆ ಪಿಡಿಎಫ್ ಟ್ಯಾಬ್‌ನಲ್ಲಿ ತೆರೆಯದೆ ನೇರ ಫೋಲ್ಡರ್‌ಗೆ ಇಳಿಯುತ್ತದೆ. ಡೌನ್‌ಲೋಡ್ಸ್ ಸೆಟ್ಟಿಂಗ್‌ನಲ್ಲಿ, ಎಲ್ಲಿ ಸೇವ್ ಮಾಡಬೇಕು ಎಂದು ಪ್ರತಿ ಸಲ ಕೇಳುವ ಗುಂಡಿಯನ್ನೂ ಆನ್ ಮಾಡಿ. ಆಗ ಹೆಸರು ಕೊಡಬಹುದು. ಚಿಕ್ಕಪ್ಪನ ಕಂಪ್ಯೂಟರ್‌ನಲ್ಲಿ ಈಗ ‘ಪಹಣಿ ಮೇಲಿನ ತೋಟ’, ‘ಪಹಣಿ ಗದ್ದೆ’ ಅಂತ ಫೈಲ್‌ಗಳಿವೆ. ಜೊತೆಗೆ ಸರ್ವೆ ನಂಬರೂ ಇದೆ. ಮೊದಲು ಬರೀ ಅಂಕಿಗಳ ಹೆಸರಿದ್ದಾಗ ಒಂದೊಂದೇ ತೆರೆದು ನೋಡಬೇಕಿತ್ತು.

ಹಳದಿ ಚಿಹ್ನೆಗೆ ಹೆದರಬೇಡಿ. ಡಿಜಿಟಲ್ ಸಹಿ ಇನ್ನೂ ಪರಿಶೀಲನೆ ಆಗಿಲ್ಲ ಅನ್ನುವುದಷ್ಟೇ ಅದರ ಅರ್ಥ, ನಕಲಿ ಅಂತಲ್ಲ. ಕ್ರೋಮ್ ಈ ಪರಿಶೀಲನೆ ಮಾಡುವುದಿಲ್ಲ. ಅದೇ ಫೈಲನ್ನು ಅಡೋಬಿ ರೀಡರ್‌ನಲ್ಲಿ ತೆರೆದು, ಸಹಿಯ ಮೇಲೆ ಕ್ಲಿಕ್ ಮಾಡಿ ಪರಿಶೀಲಿಸಿ. ಸಹಿ ಮಾಡಿದವರ ಪ್ರಮಾಣಪತ್ರವನ್ನು ನಂಬುವಂತೆ ಒಮ್ಮೆ ಸೂಚಿಸಿದರೆ ಹಸಿರು ಟಿಕ್ ಬರುತ್ತದೆ.

ಇಲ್ಲೊಂದು ತಪ್ಪು ತುಂಬಾ ಜನ ಮಾಡುತ್ತಾರೆ. ಆಧಾರ್ ಪಿಡಿಎಫ್ ತೆರೆಯುವಾಗಲೆಲ್ಲ ಕೇಳುವ ಪಾಸ್‌ವರ್ಡ್‌ನ ಕಿರಿಕಿರಿ ಬೇಡ ಅಂತ ಪ್ರಿಂಟ್ ಒತ್ತಿ ‘ಸೇವ್ ಆಸ್ ಪಿಡಿಎಫ್’ ಮಾಡಿಬಿಡುತ್ತಾರೆ. ಪಾಸ್‌ವರ್ಡ್ ಏನೋ ಹೋಗುತ್ತದೆ, ಜೊತೆಗೆ ಡಿಜಿಟಲ್ ಸಹಿಯೂ ಹೋಗುತ್ತದೆ. ಉಳಿಯುವುದು ಸಹಿಯ ಚಿತ್ರ ಮಾತ್ರ. ಪಿಡಿಎಫ್ ಕ್ರೋಮ್ ಟ್ಯಾಬ್‌ನಲ್ಲೇ ತೆರೆದಿದ್ದರೆ ಬಲ ಮೇಲ್ಗಡೆ ಇರುವ ಕೆಳಮುಖ ಬಾಣ ಒತ್ತಿ ಮೂಲ ಫೈಲನ್ನೇ ಇಟ್ಟುಕೊಳ್ಳಿ. ಆಧಾರ್ ಪಾಸ್‌ವರ್ಡ್ ನೆನಪಿಡುವುದು ಸುಲಭ: ಇಂಗ್ಲಿಷ್ ಹೆಸರಿನ ಮೊದಲ ನಾಲ್ಕು ದೊಡ್ಡ ಅಕ್ಷರ, ಆಮೇಲೆ ಹುಟ್ಟಿದ ಇಸವಿ.

ಪೇಟೆಯ ಸೈಬರ್ ಸೆಂಟರ್‌ನಲ್ಲಿ ತೆಗೆಸಿದರೆ, ಏಳುವ ಮೊದಲು ಕಂಟ್ರೋಲ್ ಮತ್ತು ಜೆ ಒತ್ತಿ ಡೌನ್‌ಲೋಡ್ ಪಟ್ಟಿ ನೋಡಿ. ಪಟ್ಟಿಯಿಂದ ಹೆಸರು ತೆಗೆದರೆ ಸಾಲದು. ಫೋಲ್ಡರ್‌ಗೇ ಹೋಗಿ ಫೈಲ್ ಅಳಿಸಿ, ರಿಸೈಕಲ್ ಬಿನ್ನೂ ಖಾಲಿ ಮಾಡಿಸಿ.