ಗುಹೆಯಲ್ಲಿ ಮಲಗಿದವರು ಎಷ್ಟು ಜನ?

ಓದುಗರ ಪತ್ರ: ಕುರ್‌ಆನ್‌ನಲ್ಲಿರುವ ಕಥೆಗಳೆಲ್ಲ ಬೈಬಲ್‌ನಿಂದ ಎತ್ತಿದ್ದು ಅಂತ ನನ್ನ ಗೆಳೆಯನ ವಾದ. ಇನ್ನೊಬ್ಬ ಗೆಳೆಯ ಎರಡಕ್ಕೂ ಸಂಬಂಧವೇ ಇಲ್ಲ ಅನ್ನುತ್ತಾನೆ. ಯಾರು ಹೇಳೋದು ಸರಿ?
– ಹಾವೇರಿಯ ಓದುಗರೊಬ್ಬರು

ಸಂಪಾದಕರ ಉತ್ತರ:

ಎರಡನೇ ಗೆಳೆಯರದ್ದು ಮೊದಲು ಮುಗಿಸಿಬಿಡೋಣ, ಅದು ಸುಲಭ. ಸಂಬಂಧವಿಲ್ಲ ಅಂತ ಕುರ್‌ಆನೇ ಹೇಳುವುದಿಲ್ಲ. ಅಲ್ಲಿನ ನೂಹ್, ಇಬ್ರಾಹೀಮ್, ಮೂಸಾ, ಈಸಾ ಅಂದರೆ ಬೈಬಲ್‌ನ ನೋಹ, ಅಬ್ರಹಾಮ, ಮೋಶೆ, ಯೇಸು. ಹಿಂದೆ ಬಂದ ತೌರಾತ್ (ಮೋಶೆಯ ಗ್ರಂಥ), ಇಂಜೀಲ್ (ಯೇಸುವಿನ ಸುವಾರ್ತೆ)ಗಳನ್ನು ದೃಢಪಡಿಸಲು ಬಂದ ಗ್ರಂಥ ಎಂದೇ ಅದು ತನ್ನ ಬಗ್ಗೆ ಹೇಳಿಕೊಳ್ಳುತ್ತದೆ. ಒಬ್ಬನನ್ನು ಕೊಂದವನು ಎಲ್ಲ ಮನುಷ್ಯರನ್ನೂ ಕೊಂದ ಹಾಗೆ ಎಂಬ ಮಾತು ಐದನೇ ಅಧ್ಯಾಯದಲ್ಲಿದೆ. ಇದನ್ನು ಇಸ್ರಾಯೀಲರಿಗೆ ವಿಧಿಸಿದ್ದೆವು ಅಂತ ಅಲ್ಲೇ ಸ್ಪಷ್ಟವಾಗಿ ಹೇಳಿದೆ. ಯಹೂದಿಗಳ ಧರ್ಮನಿಯಮಗಳ ಸಂಗ್ರಹವಾದ ಮಿಶ್ನಾದಲ್ಲಿ ಕ್ರಿ.ಶ. 200ರ ಹೊತ್ತಿಗೇ ಇಂಥದ್ದೇ ಮಾತು ಸೇರಿತ್ತು.

ಇನ್ನು ಮೊದಲನೆಯವರು. 'ಬೈಬಲ್‌ನಿಂದ' ಅನ್ನುವಲ್ಲೇ ಅವರು ಎಡವುತ್ತಾರೆ. ಹೋಲಿಕೆ ಎದ್ದು ಕಾಣುವ ಎಷ್ಟೋ ಕಥೆಗಳು ಬೈಬಲ್‌ನಲ್ಲಿ ಇಲ್ಲವೇ ಇಲ್ಲ. ಬಾಲಯೇಸು ಮಣ್ಣಿನ ಹಕ್ಕಿ ಮಾಡಿ ಹಾರಿಸಿದ ಕಥೆ ಚರ್ಚು ಒಪ್ಪದೆ ಹೊರಗಿಟ್ಟ ಒಂದು ಬಾಲ್ಯಕಥನದಲ್ಲಿದೆ. ಅಬ್ರಹಾಮ ವಿಗ್ರಹ ಒಡೆದದ್ದು ರಬ್ಬಿಗಳ, ಅಂದರೆ ಯಹೂದಿ ಧರ್ಮಗುರುಗಳ, ವ್ಯಾಖ್ಯಾನಗಳಲ್ಲಿದೆ.

ನನಗೆ ತುಂಬ ಇಷ್ಟವಾದದ್ದು ಗುಹೆಯ ನಿದ್ದೆಯ ಕಥೆ. ಇಂದಿನ ಟರ್ಕಿಯಲ್ಲಿರುವ ಎಫೆಸಸ್ ಊರಿನದು. ರೋಮ್ ಚಕ್ರವರ್ತಿ ಡೀಸಿಯಸ್‌ನ ಹಿಂಸೆಗೆ ಹೆದರಿ ಕೆಲವು ಕ್ರೈಸ್ತ ಹುಡುಗರು ಗುಹೆ ಸೇರಿ ಮಲಗುತ್ತಾರೆ. ಎದ್ದಾಗ ತಲೆಮಾರುಗಳೇ ಕಳೆದಿವೆ. ತಿನ್ನಲು ಏನಾದರೂ ತರೋಣ ಅಂತ ಪೇಟೆಗೆ ಹೋದವನ ಕೈಲಿದ್ದ ಹಳೇ ನಾಣ್ಯದಿಂದ ಗುಟ್ಟು ರಟ್ಟಾಗುತ್ತದೆ. ಕ್ರಿ.ಶ. 521ರಲ್ಲಿ ತೀರಿಕೊಂಡ ಸೆರೂಗಿನ ಯಾಕೋಬ್ ಎಂಬ ಬಿಷಪ್ ಇದನ್ನು ಸಿರಿಯಾಕ್ ಭಾಷೆಯಲ್ಲಿ ಪದ್ಯವಾಗಿ ಬರೆದಿದ್ದಾರೆ. ಪ್ರವಾದಿ ಮುಹಮ್ಮದರು ಹುಟ್ಟಿದ್ದು ಸುಮಾರು 570ರಲ್ಲಿ. ಹಾಗಾಗಿ ಯಾವುದು ಮೊದಲು ಅನ್ನುವುದರಲ್ಲಿ ಇಲ್ಲಿ ತಕರಾರಿಲ್ಲ.

ಈಗ ಕುರ್‌ಆನ್‌ನ 18ನೇ ಅಧ್ಯಾಯ ತೆಗೆಯಿರಿ. ಊರಿನ ಹೆಸರಿಲ್ಲ, ರಾಜನ ಹೆಸರಿಲ್ಲ, ಹುಡುಗರ ಹೆಸರೂ ಇಲ್ಲ. ಬೆಳ್ಳಿ ನಾಣ್ಯ ಇದೆ. ಹೊಸ್ತಿಲಲ್ಲಿ ಮುಂಗಾಲು ಚಾಚಿ ಮಲಗಿದ ನಾಯಿ ಇದೆ. ಆಮೇಲೆ 22ನೇ ವಚನ ಬರುತ್ತದೆ. ಮೂವರಿದ್ದರು, ನಾಲ್ಕನೆಯದು ನಾಯಿ ಅಂತ ಕೆಲವರು ಹೇಳುತ್ತಾರೆ. ಐವರು, ಆರನೆಯದು ನಾಯಿ ಅಂತ ಇನ್ನು ಕೆಲವರು. ಏಳು ಜನ, ಎಂಟನೆಯದು ನಾಯಿ ಅಂತ ಮತ್ತೆ ಕೆಲವರು. ಅವರ ಲೆಕ್ಕ ದೇವರಿಗೇ ಚೆನ್ನಾಗಿ ಗೊತ್ತು, ನೀನು ವಾದಕ್ಕಿಳಿಯಬೇಡ ಅನ್ನುತ್ತದೆ ಕುರ್‌ಆನ್.

ಕದ್ದು ಬರೆಯುವವನು ಹೀಗೆ ಬರೆಯುತ್ತಾನಾ? ಜನ ಈ ಕಥೆ ಹೇಳುತ್ತಿದ್ದಾರೆ, ಒಬ್ಬೊಬ್ಬರು ಒಂದೊಂದು ಥರ ಹೇಳುತ್ತಿದ್ದಾರೆ ಅನ್ನುವುದನ್ನು ಅದು ಬಚ್ಚಿಡುವುದೇ ಇಲ್ಲ. ಕೇಳುಗರಿಗೆ ಕಥೆ ಗೊತ್ತು ಅಂದುಕೊಂಡೇ ಮಾತು ಸಾಗುತ್ತದೆ. ಆಗಿನ ಅರೇಬಿಯಾದ ಯಸ್ರಿಬ್‌ನಲ್ಲಿ, ಅಂದರೆ ಮದೀನಾದಲ್ಲಿ, ಯಹೂದಿಗಳಿದ್ದರು. ದಕ್ಷಿಣದ ನಜ್ರಾನ್ ಊರಿನಲ್ಲಿ ಕ್ರೈಸ್ತರಿದ್ದರು. ವ್ಯಾಪಾರಿಗಳು ಸಿರಿಯಾಕ್ಕೆ ಹೋಗಿಬಂದು ಮಾಡುತ್ತಿದ್ದರು. ಇಂಥ ಕಥೆಗಳಿಗೆ ಪುಸ್ತಕವೇ ಬೇಕಿರಲಿಲ್ಲ. ಆ ಕಾಲದ ಅರಬ್ಬಿ ಬೈಬಲ್‌ನ ಒಂದು ಪ್ರತಿಯೂ ಇದುವರೆಗೆ ಸಿಕ್ಕಿಲ್ಲ.

ಇನ್ನೊಂದು ಕಡೆ ಹುಷಾರಾಗಿರಬೇಕು. ತಮ್ಮನನ್ನು ಕೊಂದ ಆದಾಮನ ಮಗನಿಗೆ ಹೆಣ ಹೂಳುವುದನ್ನು ಒಂದು ಕಾಗೆ ತೋರಿಸಿಕೊಡುವ ಪ್ರಸಂಗ ಕುರ್‌ಆನ್‌ನಲ್ಲಿದೆ. ಪಿರ್ಕೇ ದ ರಬ್ಬಿ ಎಲಿಯೇಜರ್ ಎಂಬ ಯಹೂದಿ ಕೃತಿಯಲ್ಲೂ ಕಾಗೆ ಬರುತ್ತದೆ, ಅಲ್ಲಿ ಅದು ಕಲಿಸುವುದು ತಂದೆ ಆದಾಮನಿಗೆ. ನೋಡಿ, ಇಲ್ಲಿಂದಲೇ ತೆಗೆದದ್ದು ಅಂತ ಬಹಳ ಜನ ಬರೆದಿದ್ದಾರೆ. ಆದರೆ ಆ ಪುಸ್ತಕ ರೂಪ ಪಡೆದದ್ದು ಎಂಟನೇ ಶತಮಾನದ ಸುಮಾರಿಗೆ, ಇಸ್ಲಾಂ ಬಂದ ಮೇಲೆ. ಅದರಲ್ಲಿ ಅಬ್ರಹಾಮನ ಮಗ ಇಷ್ಮಾಯೇಲನ ಹೆಂಡತಿಯರ ಹೆಸರೇನು ಗೊತ್ತಾ? ಆಯಿಷಾ ಮತ್ತು ಫಾತಿಮಾ! ಒಬ್ಬರು ಪ್ರವಾದಿಯವರ ಪತ್ನಿ, ಇನ್ನೊಬ್ಬರು ಮಗಳು. ಕಾಗೆಯ ಕಥೆ ಹಳೆಯದೇ ಇರಬಹುದು, ಪುಸ್ತಕ ಮಾತ್ರ ಹಳೆಯದಲ್ಲ. ಯಾರು ಯಾರಿಂದ ಕೇಳಿದರು ಅಂತ ಅಲ್ಲಿ ಸುಮ್ನೆ ತೀರ್ಪು ಕೊಡೋಕಾಗಲ್ಲ.

ನಿಮ್ಮ ಗೆಳೆಯರ ವಾದ ಹೊಸದೇನೂ ಅಲ್ಲ. ಇವೆಲ್ಲ ಹಳಬರ ಕಥೆಗಳು, ಯಾರಿಂದಲೋ ಬರೆಸಿಕೊಂಡಿದ್ದಾನೆ ಎಂದು ಪ್ರವಾದಿಯವರ ಆಗಿನ ವಿರೋಧಿಗಳೇ ಆಡಿಕೊಂಡಿದ್ದರು. ಅದು ಕುರ್‌ಆನ್‌ನ 25ನೇ ಅಧ್ಯಾಯದಲ್ಲೇ ದಾಖಲಾಗಿದೆ. ಯುರೋಪಿನಲ್ಲಿ ಇದನ್ನು ಶಿಸ್ತಿನ ಅಧ್ಯಯನವಾಗಿ ಎತ್ತಿಕೊಂಡವರಲ್ಲಿ ಅಬ್ರಹಾಂ ಗೈಗರ್ ಮೊದಲಿಗರು. ಅವರ ಪ್ರಬಂಧ 1833ರಲ್ಲಿ ಪುಸ್ತಕವಾಯಿತು. ಸ್ವತಃ ರಬ್ಬಿ. ಯಹೂದಿ ಧರ್ಮದಿಂದ ಮುಹಮ್ಮದರು ಏನೇನು ತೆಗೆದುಕೊಂಡರು ಎಂದು ಪಟ್ಟಿ ಮಾಡಿದರೂ ಅವರನ್ನು ಮೋಸಗಾರ ಎಂದು ಕರೆಯಲಿಲ್ಲ.

ಹೋಲಿಕೆ ಯಾಕಿದೆ ಅಂದರೆ ಮುಸ್ಲಿಮರ ಉತ್ತರ ನೇರ: ಕಳಿಸಿದ ದೇವರು ಒಬ್ಬನೇ, ಅದಕ್ಕೇ. ಇತಿಹಾಸಕಾರರಿಗೆ ಅದನ್ನು ಸಾಧಿಸಲೂ ಆಗದು, ಅಲ್ಲಗಳೆಯಲೂ ಆಗದು. ಅವರ ಕೈಲಿರುವುದು ತಾರೀಖು, ಹಸ್ತಪ್ರತಿ, ಭಾಷೆ ಅಷ್ಟೆ. ಇದೇ ಅಳತೆ ಬೈಬಲ್‌ಗೂ ಹಿಡಿಯಬೇಕಲ್ವಾ? 1872ರಲ್ಲಿ ಜಾರ್ಜ್ ಸ್ಮಿತ್ ಎಂಬ ವಿದ್ವಾಂಸರು ಲಂಡನ್ನಿನಲ್ಲಿ ಅಸಿರಿಯಾದ ಮಣ್ಣಿನ ಹಲಗೆಯೊಂದನ್ನು ಓದಿದಾಗ ಜಲಪ್ರಳಯ, ಹಡಗು, ಹಾರಿಬಿಟ್ಟ ಹಕ್ಕಿ ಎಲ್ಲವೂ ಅಲ್ಲಿದ್ದವು. ನೋಹನ ಕಥೆಗೂ ಹಿಂದೆ ಕಥೆಯಿತ್ತು.

ಇನ್ನೊಮ್ಮೆ ವಾದ ಶುರುವಾದರೆ ಮೊದಲ ಗೆಳೆಯರಿಗೆ ಮೂರು ಪ್ರಶ್ನೆ ಕೇಳಿ: ಯಾವ ಕಥೆ, ಯಾವ ಪುಸ್ತಕ, ಅದು ಬರೆದದ್ದು ಯಾವಾಗ? ಎರಡನೆಯವರಿಗೆ 18ನೇ ಅಧ್ಯಾಯದ 9ರಿಂದ 26ರವರೆಗಿನ ವಚನ ಓದಲು ಹೇಳಿ. ಕನ್ನಡ ಅನುವಾದವೇ ಸಿಗುತ್ತದೆ.