ಕೂಡುಹುಬ್ಬು ಮತ್ತು ತಾಯಿಯ ಅಂಜಿಕೆ: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

58 ವರ್ಷದ ತಾಯಿ ಮತ್ತು 31 ವರ್ಷದ ಮಗ ಒಟ್ಟಿಗೇ ಬಂದಿದ್ದರು. ಮಗ ಮೆಚ್ಚಿದ ಹುಡುಗಿಯ ಓದು, ಕೆಲಸ, ಮನೆತನ ಯಾವುದರ ಬಗ್ಗೆಯೂ ತಾಯಿಗೆ ಆಕ್ಷೇಪವಿರಲಿಲ್ಲ. ಆಕೆಯದು ಕೂಡುಹುಬ್ಬು, ಅಂಥವರು ಒಳಗೊಂದು ಹೊರಗೊಂದು ಎಂದು ಸಾಮುದ್ರಿಕ (ಅಂಗಲಕ್ಷಣ ನೋಡಿ ಗುಣ ಹೇಳುವ ಶಾಸ್ತ್ರ) ಬಲ್ಲ ಸಂಬಂಧಿಕರೊಬ್ಬರು ಫೋಟೊ ನೋಡಿ ಹೇಳಿದ್ದೇ ತಕರಾರಿಗೆ ಮೂಲವಾಗಿತ್ತು. ಮಗ ಅದನ್ನು ಮೌಢ್ಯವೆಂದು ಗೇಲಿ ಮಾಡುತ್ತಿದ್ದ. ಆದರೂ ತಾಯಿಯನ್ನು ಕಾಣುವ ಮುನ್ನ ಥ್ರೆಡಿಂಗ್ ಮಾಡಿಸಿಕೊಂಡು ಬಾ ಎಂದು ಹುಡುಗಿಗೆ ಹೇಳಿದವನೂ ಅವನೇ. ಆಕೆ ನೊಂದು ಎರಡು ವಾರ ಅವನೊಂದಿಗೆ ಮಾತು ಬಿಟ್ಟಿದ್ದಳು.

ಶಾಸ್ತ್ರದ ಸರಿತಪ್ಪಿನ ವಾದಕ್ಕೆ ನಾನು ಇಳಿಯಲಿಲ್ಲ. ವಾದದಲ್ಲಿ ಸೋತ ಹಿರಿಯರು ಅಂಜಿಕೆಯನ್ನು ಒಳಗೇ ಇಟ್ಟುಕೊಂಡು ಸುಮ್ಮನಾಗುವುದನ್ನು ಎಷ್ಟೋ ಮನೆಗಳಲ್ಲಿ ಕಂಡಿದ್ದೇನೆ. ಇಂಥ ಹುಬ್ಬನ್ನು ಹಿಂದೆ ಯಾರ ಮುಖದಲ್ಲಿ ನೋಡಿದ್ದಿರಿ ಎಂದಷ್ಟೇ ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದು, ಅವರು ತಮ್ಮ ಹಿರಿಯ ಓರಗಿತ್ತಿಯ ವಿಷಯ ತೆಗೆದರು. ಕೂಡುಕುಟುಂಬದಲ್ಲಿ ಕಳೆದ ಒಂಬತ್ತು ವರ್ಷ, ಬೀಗ ಬಿದ್ದ ಉಗ್ರಾಣ, ಅತ್ತೆಯ ಕಿವಿಗೆ ದಿನವೂ ಬೀಳುತ್ತಿದ್ದ ಚಾಡಿ, ಇವೆಲ್ಲಕ್ಕೂ ಅವರ ನೆನಪಿನಲ್ಲಿ ಉಳಿದ ಗುರುತು ಆ ಕೂಡುಹುಬ್ಬೇ ಆಗಿತ್ತು. ನೋಯಿಸಿದವರ ಚಹರೆಯನ್ನು ಹೋಲುವವರನ್ನು ಕಂಡಾಗ ಮನಸ್ಸು ತಾನಾಗಿ ಹಿಂಜರಿಯುವುದು ಸಹಜವೆಂದೂ, ಆ ಅಂಜಿಕೆ ಹುಟ್ಟಿದ್ದು ಓರಗಿತ್ತಿಯ ನಡತೆಯಿಂದಲೇ ಹೊರತು ಈ ಹುಡುಗಿಯಿಂದ ಅಲ್ಲವೆಂದೂ ತಿಳಿಸಿದೆ.

"ಆದರೆ ನೋಡಿದ ಕೂಡಲೇ ಎದೆ ಧಸಕ್ಕೆಂದಿತಲ್ಲ ಮೇಡಂ" ಎಂದರು. ಅಪರಿಚಿತ ಮುಖವನ್ನು ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಹೊತ್ತು ಕಂಡರೂ ಜನ ಅವರು ನಂಬಿಕಸ್ಥರೋ ಅಲ್ಲವೋ ಎಂದು ತೀರ್ಮಾನಿಸಿಬಿಡುತ್ತಾರೆ, ಹೆಚ್ಚು ಸಮಯ ಕೊಟ್ಟರೆ ತಮ್ಮ ತೀರ್ಮಾನದ ಮೇಲಿನ ಭರವಸೆಯಷ್ಟೇ ಬೆಳೆಯುತ್ತದೆ ಎಂದು 2006ರಲ್ಲಿ ಮನೋವಿಜ್ಞಾನ ಸಂಶೋಧಕರಾದ ವಿಲ್ಲಿಸ್ ಮತ್ತು ಟೊಡೊರೊವ್ ಪ್ರಕಟಿಸಿದ ಅಧ್ಯಯನ ತೋರಿಸಿದ್ದನ್ನು ವಿವರಿಸಿದೆ. 1831ರಲ್ಲಿ ಬೀಗಲ್ ಹಡಗಿನ ಕಪ್ತಾನ ಫಿಟ್ಜ್‌ರಾಯ್, ಇಂಥ ಮೂಗಿನವನಿಗೆ ಛಲ ಇರಲಾರದೆಂದು ಯುವಕ ಡಾರ್ವಿನ್‌ನನ್ನು ಕರೆದೊಯ್ಯಲು ಹಿಂಜರಿದದ್ದನ್ನೂ, ಆ ಯುವಕ ಸುಮಾರು ಐದು ವರ್ಷ ಆ ಪ್ರಯಾಣವನ್ನು ಪೂರೈಸಿದ್ದನ್ನೂ ಹೇಳಿದಾಗ, ಅವರು ಮೊದಲ ಬಾರಿಗೆ ನಕ್ಕರು.

ಫೋಟೊ ನೋಡುವುದನ್ನು ನಿಲ್ಲಿಸಿ, ಎರಡು ತಿಂಗಳಲ್ಲಿ ನಾಲ್ಕು ಬಾರಿಯಾದರೂ ಹುಡುಗಿಯೊಂದಿಗೆ ಹೊತ್ತು ಕಳೆಯಬೇಕು. ಒಂದು ಪುಸ್ತಕದಲ್ಲಿ "ಕಂಡದ್ದು", "ಅನಿಸಿದ್ದು" ಎಂದು ಬೇರೆಬೇರೆಯಾಗಿ ಬರೆಯಬೇಕು ಎಂದು ತಾಯಿಗೆ ಸಲಹೆ ನೀಡಿದೆ. ಕೊಟ್ಟ ಮಾತು ಉಳಿಸಿಕೊಳ್ಳುತ್ತಾಳೆಯೇ, ಮನೆಗೆಲಸದವರೊಂದಿಗೆ ಹೇಗೆ ನಡೆದುಕೊಳ್ಳುತ್ತಾಳೆ, ಒಪ್ಪಿಗೆಯಾಗದ್ದನ್ನು ಎದುರಿಗೇ ಹೇಳುತ್ತಾಳೆಯೇ ಎಂಬುದನ್ನು ಗಮನಿಸಲು ಸೂಚಿಸಿದೆ. ಅವರನ್ನು ನಿಜಕ್ಕೂ ಕಾಡುತ್ತಿದ್ದದ್ದು ಮತ್ತೆ ಒಂದೇ ಅಡುಗೆಮನೆಯಲ್ಲಿ ಬಾಳಬೇಕಾದೀತೆಂಬ ಚಿಂತೆಯಾದ್ದರಿಂದ, ಮದುವೆಯ ನಂತರದ ವಾಸ್ತವ್ಯ ಮತ್ತು ಖರ್ಚುವೆಚ್ಚಗಳನ್ನು ಮೂವರೂ ಕುಳಿತು ಈಗಲೇ ಮಾತಾಡಲು ತಿಳಿಸಿದೆ. ಮಗನಿಗೆ, ಹುಬ್ಬಿನ ವಿಷಯದಲ್ಲಿ ಹುಡುಗಿಯ ಕ್ಷಮೆ ಕೇಳಲು ಮತ್ತು ತಾಯಿಯ ಒಂಬತ್ತು ವರ್ಷಗಳ ಕಥೆಯನ್ನು ಅಡ್ಡಬಾಯಿ ಹಾಕದೆ ಪೂರ್ತಿ ಕೇಳಲು ಹೇಳಿದೆ. ಅವನು ಅದನ್ನು ಅಲ್ಲಿಯವರೆಗೆ ಕೇಳಿಯೇ ಇರಲಿಲ್ಲ.

ಮೂರನೆಯ ಭೇಟಿಗೆ ತಾಯಿ ಪುಸ್ತಕ ತಂದಿದ್ದರು. "ಕಂಡದ್ದು" ಎಂಬಲ್ಲಿ, ಸಾರಿಗೆ ಉಪ್ಪು ಜಾಸ್ತಿಯಾಗಿದೆ ಎಂದು ಹುಡುಗಿ ತಮ್ಮೆದುರಿಗೇ ಹೇಳಿದ್ದನ್ನು ಬರೆದಿದ್ದರು. "ಅನಿಸಿದ್ದು" ಎಂಬಲ್ಲಿ ಮೊದಲು "ಸೊಕ್ಕು" ಎಂದು ಬರೆದು, ಹೊಡೆದುಹಾಕಿ, "ಹಿಂದಿನಿಂದ ಆಡಿಕೊಳ್ಳುವವಳಲ್ಲ" ಎಂದು ತಿದ್ದಿದ್ದರು. ಮದುವೆ ಇನ್ನೂ ನಿಶ್ಚಯವಾಗಿಲ್ಲ. ಮುಂದಿನ ಬಾರಿ ಹುಡುಗಿಯನ್ನೂ ಕರೆತರುವುದಾಗಿ ತಾಯಿಯೇ ಹೇಳಿ ಹೋಗಿದ್ದಾರೆ.