ಮಳೆಗಾಲದಲ್ಲಿ ಮಣ್ಣಿನ ಕಿವಿಯೋಲೆಗಳ ಫೋಟೊ ತೆಗೆಯಲು ಮನೆಯಲ್ಲೇ ಬೆಳಕಿನ ಪೆಟ್ಟಿಗೆ ಮಾಡುವುದು ಹೇಗೆ?

ಕಾಸರಗೋಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಿಟಕಿಯ ಬೆಳಕನ್ನು ನೆಚ್ಚಿಕೊಂಡು ಕೂರುವಂತಿಲ್ಲ. ಒಂದು ರಟ್ಟಿನ ಪೆಟ್ಟಿಗೆಯನ್ನು ಬಾಯಿ ನಿಮ್ಮ ಕಡೆಗೆ ಬರುವಂತೆ ಮಲಗಿಸಿ. ಎರಡು ಪಕ್ಕಗಳಲ್ಲಿ ಹಾಗೂ ಮೇಲೆ ಕಿಂಡಿ ಕೊರೆಯಿರಿ. ಅಂಚಿನಲ್ಲಿ ಎರಡು ಬೆರಳಗಲ ರಟ್ಟು ಉಳಿಯಲಿ, ಇಲ್ಲವಾದರೆ ಪೆಟ್ಟಿಗೆ ಕುಸಿಯುತ್ತದೆ. ಕಿಂಡಿಗಳಿಗೆ ಟ್ರೇಸಿಂಗ್ ಪೇಪರ್ ಅಂಟಿಸಿ. ತೆಳುವಾದ ಹಳೆಯ ಬಿಳಿ ಮುಂಡು ಪಂಚೆಯೂ ಆದೀತು, ಆದರೆ ನೀಲಿ ಹಾಕಿ ಒಗೆದದ್ದು ಬೇಡ. ಮಣ್ಣಿನ ಕೆಂಪು ಕೆಡುತ್ತದೆ.

ಒಳಗೆ ಬಿಳಿ ಡ್ರಾಯಿಂಗ್ ಹಾಳೆಯನ್ನು ಹಿಂಬದಿಯಿಂದ ತಳಕ್ಕೆ, ಮಡಿಕೆ ಬೀಳದಂತೆ ಬಾಗಿಸಿ ಇಳಿಬಿಡಿ. ಆಗ ಹಿನ್ನೆಲೆಯಲ್ಲಿ ಗೆರೆ ಕಾಣಿಸುವುದಿಲ್ಲ.

ಬಲ್ಬುಗಳು ಎಲ್‌ಇಡಿಯೇ ಆಗಲಿ. ತಂತಿಯ ಬಲ್ಬಿನ ಕಾವು ಕಾಗದದ ಹತ್ತಿರ ಅಪಾಯ. ಪೆಟ್ಟಿಗೆಯ ಹೊರಗೆ ಎರಡೂ ಪಕ್ಕಕ್ಕೆ ಒಂದೇ ಬಗೆಯ 6500 ಕೆಲ್ವಿನ್ (ಹಗಲಿನಂಥ ಬಿಳಿ ಬೆಳಕಿನ) ಬಲ್ಬ್ ಇಟ್ಟು ಕೋಣೆಯ ಉಳಿದ ದೀಪಗಳನ್ನು ಆರಿಸಿ. ಅನೇಕರು ಎರಡೂ ಕಡೆ ಸಮನಾಗಿ ಬೆಳಗಿಸುತ್ತಾರೆ. ಕೆತ್ತನೆಯಿರುವ ಓಲೆಗೆ ಅದು ನನಗೆ ಒಪ್ಪುವುದಿಲ್ಲ, ಚಪ್ಪಟೆಯಾಗಿ ಕಾಣುತ್ತದೆ. ಒಂದು ಬಲ್ಬನ್ನು ತುಸು ದೂರ ಸರಿಸಿದರೆ ಕೆತ್ತನೆಯ ಗೀರುಗಳಲ್ಲಿ ಸಣ್ಣ ನೆರಳು ನಿಂತು ಉಬ್ಬು ಎದ್ದು ಕಾಣುತ್ತದೆ.

ಮೊಬೈಲ್ ಬಿಳಿ ಹಿನ್ನೆಲೆಯನ್ನು ಬೂದಿಯ ಬಣ್ಣಕ್ಕೆ ಇಳಿಸುವುದುಂಟು. ಪರದೆಯಲ್ಲಿ ಓಲೆಯನ್ನು ಮುಟ್ಟಿ, ಎಕ್ಸ್‌ಪೋಶರ್ (ಚಿತ್ರದ ಬೆಳಕಿನ ಮಟ್ಟ) ಸ್ವಲ್ಪ ಏರಿಸಿ.